ಓಪನ್‌ಎಸ್‌ಎಸ್‌ಎಲ್ ಇದ್ದರೂ ಕಂಪೈಲ್ ನಿಲ್ಲುವುದು ಯಾಕೆ

ಒಂದು ಸಾಫ್ಟ್‌ವೇರನ್ನು ಸೋರ್ಸ್ ಕೋಡ್‌ನಿಂದ ಕಂಪೈಲ್ ಮಾಡಲು ಹೊರಟಿದ್ದೀರಿ. ಉಬುಂಟುವಿನಲ್ಲಿ ಓಪನ್‌ಎಸ್‌ಎಸ್‌ಎಲ್ (ಸುರಕ್ಷಿತ ಸಂಪರ್ಕಕ್ಕೆ ಬಳಸುವ ಲೈಬ್ರರಿ) ಆಗಲೇ ಇದೆ, ಆದರೂ ಮೇಕ್ (ಸೋರ್ಸ್‌ನಿಂದ ಪ್ರೋಗ್ರಾಂ ಕಟ್ಟುವ ಕಮಾಂಡ್) ಕೊಟ್ಟರೆ 'ಎಸ್‌ಎಸ್‌ಎಲ್ ಡಾಟ್ ಹೆಚ್' ಫೈಲ್ ಇಲ್ಲ ಅನ್ನುತ್ತದೆ ಅಂದಿರಿ. ಗಾಬರಿ ಬೇಡ, ಸಿಸ್ಟಂ ಕೆಟ್ಟಿಲ್ಲ. ನಿಮ್ಮಲ್ಲಿರುವುದು ಪ್ರೋಗ್ರಾಂ ಓಡಲು ಬೇಕಾದ ಲೈಬ್ರರಿ ಮಾತ್ರ. ಕಂಪೈಲ್ ಮಾಡಲು ಹೆಡರ್ ಫೈಲ್‌ಗಳೂ, ಅಂದರೆ ಲೈಬ್ರರಿಯಲ್ಲಿ ಏನೇನಿದೆ ಅಂತ ಕಂಪೈಲರ್‌ಗೆ ಹೇಳುವ ಫೈಲ್‌ಗಳೂ ಬೇಕು. ಡೆಬಿಯನ್, ಉಬುಂಟುಗಳಲ್ಲಿ ಅವು ಬೇರೆ ಪ್ಯಾಕೇಜಿನಲ್ಲಿರುತ್ತವೆ, ಹೆಸರಿನ ಕೊನೆಗೆ 'ಡೆವ್' ಅಂತಿರುತ್ತದೆ. ನಿಮಗೀಗ ಬೇಕಾದದ್ದು ಲಿಬ್‌ಎಸ್‌ಎಸ್‌ಎಲ್-ಡೆವ್. ಫೆಡೋರಾದಲ್ಲಾದರೆ ಓಪನ್‌ಎಸ್‌ಎಸ್‌ಎಲ್-ಡೆವೆಲ್. ಉಬುಂಟುವಿನಲ್ಲಿ ಜಿಸಿಸಿ (ಕಂಪೈಲರ್), ಮೇಕ್ ಇತ್ಯಾದಿಗೆ ಬಿಲ್ಡ್-ಎಸೆನ್ಷಿಯಲ್ ಪ್ಯಾಕೇಜ್ ಸಾಕು.

ಆದರೆ ಇದನ್ನು ಹಾಕಿದ ಕೂಡಲೇ ಇನ್ನೊಂದು ಲೈಬ್ರರಿ ಕೇಳುತ್ತದೆ, ಆಮೇಲೆ ಮತ್ತೊಂದು. ಒಂದೊಂದನ್ನೇ ಹುಡುಕುತ್ತಾ ಕೂರಬೇಡಿ. ಆ ಸಾಫ್ಟ್‌ವೇರ್ ಉಬುಂಟುವಿನ ರೆಪೊದಲ್ಲಿ (ಪ್ಯಾಕೇಜ್ ಸಂಗ್ರಹದಲ್ಲಿ) ಇದ್ದರೆ, ಹಳೆ ಆವೃತ್ತಿಯಾದರೂ ಸರಿ, 'ಸುಡೊ ಆಪ್ಟ್ ಬಿಲ್ಡ್-ಡೆಪ್' ಮುಂದೆ ಅದರ ಹೆಸರು ಕೊಡಿ. ಬೇಕಾದದ್ದರಲ್ಲಿ ಬಹುಪಾಲು ಒಟ್ಟಿಗೇ ಬರುತ್ತದೆ. ಸೋರ್ಸ್ ರೆಪೊ ಸಿಗುತ್ತಿಲ್ಲ ಅಂದರೆ, 24.04ರಲ್ಲಿ 'ಉಬುಂಟು ಡಾಟ್ ಸೋರ್ಸಸ್' ಫೈಲಿನ 'ಟೈಪ್ಸ್' ಸಾಲಿನಲ್ಲಿ 'ಡೆಬ್' ಪಕ್ಕ 'ಡೆಬ್-ಎಸ್‌ಆರ್‌ಸಿ' ಸೇರಿಸಿ, ಆಪ್ಟ್ ಅಪ್‌ಡೇಟ್ ಮಾಡಿ.

ರೆಪೊದಲ್ಲೇ ಇಲ್ಲದಿದ್ದರೆ ಮೊದಲು ಸೋರ್ಸ್ ಜೊತೆ ಬರುವ ರೀಡ್‌ಮಿ ಫೈಲ್ ಓದಿ. ಅದರಲ್ಲೂ ಇಲ್ಲದ್ದಕ್ಕೆ ಆಪ್ಟ್-ಫೈಲ್ ಇದೆ. ಅದನ್ನು ಹಾಕಿ, ಒಮ್ಮೆ ಅಪ್‌ಡೇಟ್ ಮಾಡಿ, ಕಾಣೆಯಾದ ಹೆಡರ್‌ನ ಹೆಸರು ಕೊಟ್ಟು ಸರ್ಚ್ ಮಾಡಿದರೆ ಯಾವ ಪ್ಯಾಕೇಜ್ ಅಂತ ಹೇಳುತ್ತದೆ. ಇಲ್ಲಿ ತುಂಬ ಜನ ಎಡವುವ ಜಾಗವೊಂದಿದೆ. ಎರರ್‌ನಲ್ಲಿ 'ಜಿಟಿಕೆ ಪ್ಲಸ್ 3.0' ಸಿಗಲಿಲ್ಲ ಅಂತ ಬಂದರೆ ಅದು ಆಪ್ಟ್ ಪ್ಯಾಕೇಜಿನ ಹೆಸರಲ್ಲ, ಪಿಕೆಜಿ-ಕಾನ್ಫಿಗ್ (ಲೈಬ್ರರಿ ಎಲ್ಲಿದೆ ಅಂತ ಹೇಳುವ ಸಾಧನ) ಹುಡುಕುವ 'ಪಿಸಿ' ಫೈಲಿನ ಹೆಸರು. ಆ ಫೈಲನ್ನು ಹುಡುಕಿದರೆ ಲಿಬ್‌ಜಿಟಿಕೆ-3-ಡೆವ್ ಸಿಗುತ್ತದೆ.

ಎಲ್ಲಾ ಹಾಕಿದ ಮೇಲೂ ಅದೇ ಎರರ್ ಬಂದರೆ, ಸಿಮೇಕ್ (ಬಿಲ್ಡ್‌ಗೆ ತಯಾರಿ ಮಾಡುವ ಸಾಧನ) ಹಳೇ ಉತ್ತರವನ್ನೇ ಕ್ಯಾಶ್‌ನಲ್ಲಿ ಇಟ್ಟುಕೊಂಡಿರಬಹುದು. ಬಿಲ್ಡ್ ಫೋಲ್ಡರ್ ಅಳಿಸಿ ಮೊದಲಿಂದ ಶುರು ಮಾಡಿ.

ಒಂದು ಮಾತ್ರ ದಯವಿಟ್ಟು ಮಾಡಬೇಡಿ. ಓಪನ್‌ಎಸ್‌ಎಸ್‌ಎಲ್ ಅನ್ನೇ ಸೋರ್ಸ್‌ನಿಂದ ಕಟ್ಟಿ 'ಯುಎಸ್‌ಆರ್' ಫೋಲ್ಡರ್ ಒಳಗೆ, ಸಿಸ್ಟಂನದರ ಮೇಲೆಯೇ ಕೂರಿಸುವುದು. ನಾನೊಮ್ಮೆ ಹಾಗೆ ಮಾಡಿ, ಅದನ್ನು ನೆಚ್ಚಿಕೊಂಡಿದ್ದ ಬೇರೆ ಪ್ರೋಗ್ರಾಂಗಳೂ ನಿಂತುಹೋಗಿ, ಸರಿಪಡಿಸಲು ಇಡೀ ದಿನ ಹಿಡಿಯಿತು. ನೀವೇ ಕಟ್ಟಿದ್ದು 'ಯುಎಸ್‌ಆರ್ ಲೋಕಲ್'ನಲ್ಲೇ ಇರಲಿ.

ಇನ್ನೂ ನಿಂತರೆ, ಮೇಕ್‌ಗೆ 'ಜೆ' ಆಯ್ಕೆ (ಹಲವು ಕೆಲಸ ಒಟ್ಟಿಗೆ ಓಡಿಸುವುದು) ಕೊಡದೆ ಓಡಿಸಿ, ಮೊದಲು ಬಂದ ಎರರ್ ಇಲ್ಲಿ ಹಾಕಿ. ಕೊನೇ ಸಾಲು ಸಾಲದು.