ಸೊಪ್ಪುಸದೆ: ಒಂದೆಲಗದ ಪ್ರಶ್ನೆಗಳು

ಒಂದೆಲಗದ ತಂಬುಳಿ ಕಹಿಯಾಗುತ್ತದೆ, ಊಟದ ಹೊತ್ತಿಗೆ ಬಣ್ಣವೂ ಕೆಟ್ಟಿರುತ್ತದೆ. ಎಲ್ಲಿ ತಪ್ಪುತ್ತಿದೆ? (ಓದುಗರು, ಕೊಪ್ಪ)

ಎರಡಕ್ಕೂ ಕಾರಣ ಬೇರೆ ಬೇರೆ. ಕಹಿ ಬರುವುದು ಬಲಿತ ಎಲೆಯಿಂದ. ರೂಪಾಯಿ ಅಗಲದ ಎಳೆ ಎಲೆ ಆರಿಸಿ, ದಪ್ಪಗಾಗಿ ನಾರು ಕಟ್ಟಿದ್ದನ್ನು ಬಿಟ್ಟುಬಿಡಿ. ಎಳೆ ದಂಟು ಸೇರಿದರೆ ಅಡ್ಡಿಯಿಲ್ಲ. ಬೇರೂ ಹಾಕುವ ರೂಢಿಯಿದ್ದರೆ ಗಂಟುಗಳಲ್ಲಿ ಕೂತ ಮಣ್ಣನ್ನು ಉಜ್ಜಿ ತೊಳೆಯಿರಿ. ಇಲ್ಲದಿದ್ದರೆ ತಂಬುಳಿಗೆ ಕೆಸರಿನ ವಾಸನೆ ಗ್ಯಾರಂಟಿ.

ಬಣ್ಣ ಕೆಡುವುದು ಬಿಸಿ ಸೊಪ್ಪಿಗೆ ಹುಳಿ ಸೋಕಿದಾಗ. ನಾಲ್ಕು ಜನಕ್ಕೆ ಒಂದು ಹಿಡಿ ಸೊಪ್ಪು ಸಾಕು. ಒಂದು ಚಮಚ ತುಪ್ಪದಲ್ಲಿ ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸು ಹುರಿದು ಸೊಪ್ಪು ಹಾಕಿ. ಬಾಡಿ ಬಾಣಲೆಗೆ ಅಂಟಿ ಮಲಗಿತೋ, ಇಳಿಸಿಬಿಡಿ. ಪೂರ್ತಿ ಆರಿದ ಮೇಲೆ ಕಾಲು ಬಟ್ಟಲು ಕಾಯಿತುರಿಯೊಂದಿಗೆ ನುಣ್ಣಗೆ ರುಬ್ಬಿ, ಎರಡು ಲೋಟ ಸಿಹಿಮಜ್ಜಿಗೆ, ಉಪ್ಪು ಬೆರೆಸಿ ಒಗ್ಗರಣೆ ಕೊಡಿ. ಮತ್ತೆ ಒಲೆಗೆ ಏರಿಸಿದರೆ ಮಜ್ಜಿಗೆ ಒಡೆಯುತ್ತದೆ. ರಾತ್ರಿಗೂ ಬೇಕಿದ್ದರೆ ರುಬ್ಬಿದ್ದನ್ನಷ್ಟೇ ಫ್ರಿಜ್‌ನಲ್ಲಿಟ್ಟು, ಬಡಿಸುವಾಗ ಮಜ್ಜಿಗೆ ಹಾಕಿಕೊಳ್ಳಿ.

ಸಂತೆಯಲ್ಲಿ ಬ್ರಾಹ್ಮಿ ಎಂದು ಕೊಟ್ಟದ್ದು ಒಂದೆಲಗವೇ? (ಓದುಗರು, ಹಾಸನ)

ಹೆಸರು ನಂಬಬೇಡಿ, ಎಲೆ ನೋಡಿ. ಒಂದೆಲಗದ ಎಲೆ ಮೂತ್ರಪಿಂಡದಾಕಾರ, ಅಂಚಿನಲ್ಲಿ ಮೊಂಡು ಹಲ್ಲು, ತೊಟ್ಟು ಎಲೆಯ ಬುಡದ ಸೀಳಿಗೆ ಕೂಡಿರುತ್ತದೆ. ತೊಟ್ಟು ಕೊಡೆಯ ಕೋಲಿನಂತೆ ಎಲೆಯ ನಟ್ಟನಡುವಿಗೆ ನೆಟ್ಟಿದ್ದರೆ ಅದು ಬೇರೆ ಗಿಡ. ಎಲೆ ಚಿಕ್ಕದು, ರಸಭರಿತ, ಎದುರುಬದುರು ಜೋಡಿ, ಹಲ್ಲಿಲ್ಲ ಎಂದರೆ ನೀರುಬ್ರಾಹ್ಮಿ. ಅದೂ ಔಷಧಿಯ ಗಿಡವೇ, ಆದರೆ ತಂಬುಳಿಗೆ ತೀರಾ ಕಹಿ.

ಪರೀಕ್ಷೆ ಹತ್ತಿರವೆಂದು ಮಗಳಿಗೆ ದಿನಾ ಹಸಿ ರಸ ಕೊಡುತ್ತಿದ್ದೇವೆ. ಸೊಪ್ಪು ಕಾಫಿ ತೋಟದ ಬಸಿಗಾಲುವೆಯದು. ಎಷ್ಟು ಕೊಡಬಹುದು? (ಓದುಗರು, ಮೂಡಿಗೆರೆ)

ಸದ್ಯಕ್ಕೆ ನಿಲ್ಲಿಸಿ. ನೆನಪಿನ ಶಕ್ತಿಗೆಂದು ಸರಸ್ವತಿ ಸೊಪ್ಪು ಎಂದು ಕರೆದಿದ್ದೇವೆ, ನಿಜ. ಆದರೆ ಅಂಕ ಏರಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆಯಿಲ್ಲ. ಗುಳಿಗೆ, ಸಾರವನ್ನು ವಾರಗಟ್ಟಲೆ ತಿಂದು ಲಿವರ್ ಕೆಟ್ಟ ಉದಾಹರಣೆಗಳು ಅಪರೂಪಕ್ಕಾದರೂ ಇವೆ. ವಾರಕ್ಕೆ ಒಂದೆರಡು ಸಲ ತಂಬುಳಿ ಅಥವಾ ಚಟ್ನಿ ಬೇರೆ ಮಾತು, ಅದು ಊಟ. ಬಸುರಿಯರು, ಲಿವರ್ ತೊಂದರೆಯವರು, ನಿದ್ದೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳಿಯೇ ಮುಟ್ಟಲಿ.

ನಮಗೆ ಹೆಚ್ಚು ಭಯ ಆ ಬಸಿಗಾಲುವೆಯದು. ಗ್ಲೈಫೋಸೇಟ್‌ನಂಥ ಕಳೆನಾಶಕ ಎಲೆಯೊಳಗೇ ಇಳಿಯುತ್ತದೆ, ಉಪ್ಪುನೀರಲ್ಲಿ ನೆನೆಸಿದರೂ ಹೋಗದು. ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ಶಿಲೀಂಧ್ರನಾಶಕ) ಸಿಂಪಡಿಸಿದ ಗಿಡದಡಿಯ ಸೊಪ್ಪಿನ ಮೇಲೆ ನೀಲಿ ಕಲೆ ಕಂಡರೆ ಕೀಳಲೇಬೇಡಿ. ದನ ಮೇಯುವ ಜೌಗಿನ ಸೊಪ್ಪಿಗೆ ಲಿವರ್ ಹುಳುವಿನ ಮರಿ ಅಂಟಿರಬಹುದು, ಹಸಿಯಾಗಿ ರಸ ಹಿಂಡುವುದು ಸರಿಯಲ್ಲ.

ಅದರ ಬದಲು ಒಂದೆಲಗವನ್ನು ಮನೆಯಲ್ಲೇ ಬೆಳೆಸಿ, ಕಷ್ಟವೇ ಇಲ್ಲ. ಬೇರು ಬಿಟ್ಟ ಗಂಟಿರುವ ಬಳ್ಳಿಯನ್ನು ಗೇಣುದ್ದ ಕತ್ತರಿಸಿ, ಗೊಬ್ಬರ ಬೆರೆಸಿದ ಮಣ್ಣಿನ ಅಗಲ ಕುಂಡದಲ್ಲಿ ಮಲಗಿಸಿ, ಗಂಟಿನ ಮೇಲೆ ಒಂದಿಷ್ಟು ಮಣ್ಣು ಎಳೆಯಿರಿ. ಅರೆನೆರಳಲ್ಲಿಟ್ಟು ಮಣ್ಣು ಒಣಗದಂತೆ ನೋಡಿಕೊಂಡರೆ ಸಾಕು. ಕುಂಡದ ಅಂಚು ದಾಟಿ ಬಳ್ಳಿ ಇಳಿಬಿದ್ದಾಗ ಕೀಳಲು ಶುರುಮಾಡಿ.