ಇಟಲಿಯಲ್ಲಿ ಪಾಸ್‌ಪೋರ್ಟ್ ಜೇಬಲ್ಲೇ ಇರಬೇಕಾ? ಮನೆ ಮಾಲೀಕ ಅದರ ಫೋಟೊ ಕೇಳಿದರೆ ಕಳಿಸಬಹುದಾ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡಿಕೊಳ್ಳಬೇಡಿ. ಅಪ್ಪ ಅಮ್ಮನ ಜೊತೆ ಮೊದಲ ಸಲ ಇಟಲಿ, ಸ್ವಿಟ್ಜರ್ಲೆಂಡ್‌ಗೆ ಹೊರಟಿದ್ದೀರಿ. ಫ್ಲಾರೆನ್ಸಿನ ಅಪಾರ್ಟ್‌ಮೆಂಟ್ ಮಾಲೀಕ ಮೂವರ ಪಾಸ್‌ಪೋರ್ಟ್ ಫೋಟೊ ವಾಟ್ಸಾಪ್ ಮಾಡಿ ಅಂದಿದ್ದಾನೆ. ಕಳಿಸೋದಾ ಬೇಡ್ವಾ, ಊರು ಸುತ್ತುವಾಗ ಪಾಸ್‌ಪೋರ್ಟ್ ಜೊತೆಗಿರಬೇಕಾ ರೂಮಲ್ಲಿರಬೇಕಾ, ಆಧಾರ್ ಒಯ್ಯಬೇಕಾ ಅಂತ ಕೇಳಿದ್ದೀರಿ. ಎರಡು ವರ್ಷದ ಹಿಂದೆ ನನ್ನ ಅಪ್ಪ ಅಮ್ಮನ ಜೊತೆ ಅದೇ ಊರುಗಳಿಗೆ ಹೊರಟಾಗ ನಾನೂ ಇದೇ ಮೂರು ಪ್ರಶ್ನೆ ಹಿಡಿದುಕೊಂಡು ಕಂಡಕಂಡವರನ್ನೆಲ್ಲ ಕೇಳಿದ್ದೆ.

ಆಧಾರ್ ಬೇಡ. ಏರ್‌ಪೋರ್ಟ್ ಗೇಟಿನ ಸಿಐಎಸ್‌ಎಫ್‌ನವರಿಗೂ ಪಾಸ್‌ಪೋರ್ಟೇ ಸಾಕು. ನಮ್ಮಪ್ಪ ಕೇಳಲಿಲ್ಲ. ಕೊರಳಿಗೆ ನೇತುಹಾಕುವ ಒಂದು ಚೀಲ ಕೊಂಡು ಅದರೊಳಗೆ ಪಾಸ್‌ಪೋರ್ಟ್, ಆಧಾರ್, ಪ್ಯಾನ್, ವೋಟರ್ ಐಡಿ, ಎಟಿಎಂ ಕಾರ್ಡು, ಆ ಕಾರ್ಡಿನ ಪಿನ್ ಬರೆದ ಚೀಟಿ, ಎಲ್ಲಾ ತುಂಬಿಕೊಂಡರು. ರೋಮಿನ ಒಂದು ಟಿಕೆಟ್ ಕೌಂಟರಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿ ಕೇಳೋಣ ಅಂತ ಆಧಾರ್ ತೆಗೆದು ಗಾಜಿನ ಕೆಳಗೆ ತಳ್ಳಿದರು. ಒಳಗಿದ್ದ ಹುಡುಗಿ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ನಮ್ಮ ಹಿಂದಿನ ಕ್ಯೂ ನೋಡಿದಳು. ಮೆಲ್ಲಗೆ ವಾಪಸ್ ತಳ್ಳಿದಳು. ‘ಹುಟ್ಟಿದ ತಾರೀಖು ಇಂಗ್ಲಿಷಿನಲ್ಲೇ ಇದೆಯಲ್ಲ’ ಅಂತ ಅಪ್ಪ ಸಂಜೆವರೆಗೂ ಗೊಣಗುತ್ತಿದ್ದರು. ಅಲ್ಲಿ ಅದು ಬರೀ ಪ್ಲಾಸ್ಟಿಕ್. ಕಳೆದರೆ ಮಾತ್ರ ಊರಿಗೆ ಬಂದ ಮೇಲೆ ತಲೆನೋವು. ಮನಸ್ಸು ತಡೆಯದಿದ್ದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಇಳಿಸಿಕೊಂಡು ಫೋನಿನಲ್ಲಿಡಿ. ಪಿನ್ ಬರೆದ ಚೀಟಿಯನ್ನು ಹೊರಡುವ ಮುಂಚೆ ನೀವೇ ಹುಡುಕಿ ಹರಿದುಹಾಕಿ. ಎಲ್ಲ ಅಪ್ಪಂದಿರ ಹತ್ತಿರವೂ ಒಂದು ಇರುತ್ತದೆ.

ಇನ್ನು ಪಾಸ್‌ಪೋರ್ಟ್. ಇದು ದೇಶದಿಂದ ದೇಶಕ್ಕೆ ಬೇರೆ. ಇಂಗ್ಲೆಂಡಿನಲ್ಲಿ ಸುಮ್ನೆ ಓಡಾಡುವವರು ಗುರುತಿನ ಚೀಟಿ ಇಟ್ಟುಕೊಂಡಿರಲೇಬೇಕು ಎಂಬ ಕಾನೂನಿಲ್ಲ. ಜಪಾನಿನಲ್ಲಿ ಪ್ರವಾಸಿ ಯಾವಾಗಲೂ ಪಾಸ್‌ಪೋರ್ಟ್ ಮೈಮೇಲೆ ಇಟ್ಟುಕೊಂಡಿರಬೇಕು, ಇಲ್ಲದಿದ್ದರೆ 1 ಲಕ್ಷ ಯೆನ್‌ವರೆಗೆ ದಂಡ. ಇಟಲಿಯಲ್ಲಿ ಪೊಲೀಸರು ಕೇಳಿದಾಗ ವಿದೇಶಿಯರು ಪಾಸ್‌ಪೋರ್ಟ್ ತೋರಿಸಬೇಕು. ಸರಿಯಾದ ಕಾರಣವಿಲ್ಲದೆ ತೋರಿಸದಿದ್ದರೆ 2,000 ಯೂರೊವರೆಗೆ ದಂಡ ಮಾತ್ರವಲ್ಲ, ಜೈಲಿನ ಮಾತೂ ಕಾನೂನಿನಲ್ಲಿದೆ. ಕೊಲೋಸಿಯಂ ಎದುರು ಐಸ್‌ಕ್ರೀಂ ತಿನ್ನುತ್ತಿರುವ ನಿಮ್ಮಮ್ಮನನ್ನು ಯಾರೂ ಎಳೆದುಕೊಂಡು ಹೋಗುವುದಿಲ್ಲ, ಹೆದರಬೇಡಿ. ಆದರೆ ಯುರೋಪಿನ ಬಹಳಷ್ಟು ದೇಶಗಳಿಗೆ ಸೇರಿಸಿ ಕೊಡುವ ನಮ್ಮ ಷೆಂಗೆನ್ ವೀಸಾದ ಸ್ಟಿಕ್ಕರ್ ಇರುವುದು ಪಾಸ್‌ಪೋರ್ಟಿನ ಒಳಗಿನ ಹಾಳೆಯಲ್ಲಿ. ಮೊದಲ ಪುಟದ ಜೆರಾಕ್ಸ್ ಒಂದನ್ನೇ ಹಿಡಿದು ನಿಂತರೆ ನೀವು ಯಾರು ಅಂತ ಗೊತ್ತಾಗುತ್ತದೆ, ಇಲ್ಲಿ ಇರಬಹುದಾ ಅಂತ ಗೊತ್ತಾಗುವುದಿಲ್ಲ. ಅಲ್ಲದೆ ಕೊಲೋಸಿಯಂ ಟಿಕೆಟ್ಟಿನ ಮೇಲೆ 2023ರ ಅಕ್ಟೋಬರ್‌ನಿಂದ ಹೆಸರಿರುತ್ತದೆ, ಗುರುತಿನ ಚೀಟಿ ಕೇಳುತ್ತಾರೆ. ಸ್ವಿಟ್ಜರ್ಲೆಂಡಿನ ರೈಲು, ಬಸ್ಸಿಗೆ ಆಗುವ ಸ್ವಿಸ್ ಟ್ರಾವೆಲ್ ಪಾಸ್ ತೋರಿಸಿದಾಗ ಟಿಸಿ ಪಾಸ್‌ಪೋರ್ಟ್ ಕೇಳಬಹುದು. ಮಿಲಾನಿನಿಂದ ಸ್ವಿಟ್ಜರ್ಲೆಂಡ್‌ಗೆ ಹೋಗುವ ರೈಲಿನಲ್ಲಿ, ಎರಡೂ ದೇಶ ಷೆಂಗೆನ್ ಒಳಗೇ ಇದ್ದರೂ, ಗಡಿಯ ಕಿಯಾಸೊ ಸ್ಟೇಷನ್ನಿನಲ್ಲಿ ಪೊಲೀಸರು ಹತ್ತುವುದುಂಟು.

ಹಾಗಾಗಿ ನಾನು ಜೊತೆಗೇ ಇಟ್ಟುಕೊಳ್ಳುತ್ತೇನೆ. ಒಳ್ಳೆಯ ಹೋಟೆಲಿನ ಲಾಕರಿನಲ್ಲಿ ಬಿಟ್ಟು ಹೋಗುವವರು ಬೇಕಾದಷ್ಟು ಜನ ಇದ್ದಾರೆ, ತಪ್ಪು ಅನ್ನುವುದಿಲ್ಲ. ಆದರೆ ಬಾಗಿಲ ಪಕ್ಕದ ಡಬ್ಬಿಗೆ ನಾಲ್ಕಂಕಿ ಒತ್ತಿ ಕೀ ತೆಗೆದುಕೊಳ್ಳುವ ಬಾಡಿಗೆ ಮನೆಯಲ್ಲಿ ನನಗೆ ಧೈರ್ಯ ಸಾಲದು. ಮೈಮೇಲೆ ಅಂದರೆ ಅಂಗಿಯ ಒಳಗೆ, ಸೊಂಟಕ್ಕೆ ಕಟ್ಟಿದ ಬಟ್ಟೆಯ ಬೆಲ್ಟಿನಲ್ಲಿ. ಅಂಗಿಯ ಮೇಲೆ ನೇತಾಡುವ ಚೀಲ ಬೇಡ. ಅದು ಕಳ್ಳನಿಗೆ ವಿಳಾಸ ಬರೆದುಕೊಟ್ಟ ಹಾಗೆ. ಬೀದಿಯಲ್ಲಿ ಯೂನಿಫಾರ್ಮ್ ಇಲ್ಲದವನೊಬ್ಬ ಬಂದು ‘ಪೊಲೀಸ್, ಪರ್ಸ್ ತೋರಿಸಿ’ ಅಂದರೆ ಕೊಡಬೇಡಿ, ಸ್ಟೇಷನ್ನಿಗೇ ಬರುತ್ತೇನೆ ಅನ್ನಿ. ಪರ್ಸಿನೊಳಗಿನ ನೋಟಿನ ಮೇಲೆ ನಿಜವಾದ ಪೊಲೀಸರಿಗೆ ಆಸಕ್ತಿ ಇರುವುದಿಲ್ಲ.

ಈಗ ನಿಮ್ಮ ಮಾಲೀಕನ ವಿಷಯ. ನಾನು ಬಹಳ ತಡವಾಗಿ ಕಲಿತದ್ದು ಇಲ್ಲಿದೆ: ಪಾಸ್‌ಪೋರ್ಟ್ ತೋರಿಸೋದು ಬೇರೆ, ಅದರ ಫೋಟೊ ಕೊಡೋದು ಬೇರೆ, ಅಸಲನ್ನೇ ಬಿಟ್ಟು ಬರೋದು ಬೇರೆ. ಮೊದಲನೆಯದಕ್ಕೆ ನಾಚಿಕೆ ಬೇಡ, ಎರಡನೆಯದಕ್ಕೆ ಲೆಕ್ಕ ಇಡಿ, ಮೂರನೆಯದಕ್ಕೆ ಇಲ್ಲ ಅನ್ನಿ.

ಆತ ಕೇಳುವುದರಲ್ಲಿ ಮೋಸ ಇರಲೇಬೇಕು ಅಂತಿಲ್ಲ. ಇಟಲಿಯಲ್ಲಿ ಹೋಟೆಲಿನವರಿರಲಿ, ಒಂದು ರೂಮು ಬಾಡಿಗೆ ಕೊಡುವ ಅಜ್ಜಿಯಿರಲಿ, ಬಂದವರ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಕೊಡಬೇಕು. ಅದಕ್ಕೆಂದೇ ‘ಅಲೋಜ್ಜಾತಿ ವೆಬ್’ ಎಂಬ ಪೊಲೀಸ್ ಪೋರ್ಟಲ್ ಇದೆ. ಅಲ್ಲಿ ತುಂಬಬೇಕಾದದ್ದು ಹೆಸರು, ಹುಟ್ಟಿದ ತಾರೀಖು, ದೇಶ, ದಾಖಲೆಯ ನಂಬರ್, ಇಂಥವು. ಕುಟುಂಬವಾಗಿ ಬಂದರೆ ದಾಖಲೆಯ ನಂಬರ್ ಮುಖ್ಯಸ್ಥರದ್ದು ಮಾತ್ರ ಸಾಕು. ಅಂದರೆ ಪೋರ್ಟಲ್ಲಿಗೆ ಬೇಕಿರುವುದು ವಿವರ, ಫೋಟೊ ಅಲ್ಲ. ಫೋಟೊ ಕೇಳುವುದು ಟೈಪ್ ಮಾಡುವವರ ಅನುಕೂಲಕ್ಕೆ.

ಫ್ಲಾರೆನ್ಸಿನಲ್ಲಿ ನಮ್ಮ ಮನೆಯೊಡತಿ ಅರವತ್ತು ದಾಟಿದ ಹೆಂಗಸು, ತುಂಬಾ ಒಳ್ಳೆಯವರು. ಅಡುಗೆಮನೆಯ ಟೇಬಲ್ ಮೇಲೆ ನಮ್ಮ ಮೂರು ಪಾಸ್‌ಪೋರ್ಟ್ ಬಿಚ್ಚಿಟ್ಟು ತಮ್ಮ ಫೋನಿನಲ್ಲಿ ಕ್ಲಿಕ್ ಮಾಡಿಕೊಂಡರು. ಸರಿಯಾಗಿ ಬಂದಿದೆಯಾ ಅಂತ ನನಗೇ ತೋರಿಸಲು ಬೆರಳಾಡಿಸಿದರು. ಬೆಕ್ಕು, ಮೊಮ್ಮಗಳು, ಕೇಕ್, ಯಾರೋ ಕೊರಿಯಾದ ಹುಡುಗನ ಪಾಸ್‌ಪೋರ್ಟ್, ಮತ್ತೆ ಬೆಕ್ಕು, ಯಾರದೋ ಇನ್ನೆರಡು ಪಾಸ್‌ಪೋರ್ಟ್, ಆಮೇಲೆ ನಮ್ಮಮ್ಮ. ಹೆಸರು, ನಂಬರ್, ಸಹಿ ಎಲ್ಲಾ ಗಾಜಿನಷ್ಟು ಸ್ಪಷ್ಟ. ಆಕೆ ಏನೂ ಮಾಡುವವರಲ್ಲ. ಆದರೆ ಆ ಫೋನ್ ಟ್ರಾಮಿನಲ್ಲಿ ಕಳೆದುಹೋದರೆ? 2025ರ ಆಗಸ್ಟಿನಲ್ಲಿ ಇಟಲಿಯ ಹೋಟೆಲುಗಳಿಂದ ಕದ್ದ ಹತ್ತಾರು ಸಾವಿರ ಪಾಸ್‌ಪೋರ್ಟ್, ಐಡಿ ಕಾರ್ಡ್ ಸ್ಕ್ಯಾನ್‌ಗಳು ಡಾರ್ಕ್ ವೆಬ್ ಎಂಬ ಇಂಟರ್ನೆಟ್ಟಿನ ಕಳ್ಳಸಂತೆಯಲ್ಲಿ ಮಾರಾಟಕ್ಕೆ ಬಂದಿವೆ ಅಂತ ಅಲ್ಲಿನ ಸರ್ಕಾರದ ಡಿಜಿಟಲ್ ಏಜೆನ್ಸಿಯೇ ಹೇಳಿತು. ದೊಡ್ಡ ಹೋಟೆಲಾದರೆ ಭದ್ರ ಅಂತಲೂ ಇಲ್ಲ. 2018ರಲ್ಲಿ ಬಯಲಾದ ಮ್ಯಾರಿಯಟ್ ಸೋರಿಕೆಯಲ್ಲಿ 50 ಲಕ್ಷಕ್ಕೂ ಜಾಸ್ತಿ ಪಾಸ್‌ಪೋರ್ಟ್ ನಂಬರುಗಳು ಎನ್‌ಕ್ರಿಪ್ಟ್ ಕೂಡ ಆಗದೆ ಹಾಗೇ ಬಿದ್ದಿದ್ದವು.

ಹಾಗಾದರೆ ಏನು ಮಾಡಬೇಕು? ಮೊದಲು ವಿವರವನ್ನು ಟೈಪ್ ಮಾಡಿ ಕಳಿಸಿ, ‘ಬಂದಾಗ ಪಾಸ್‌ಪೋರ್ಟ್ ತೋರಿಸುತ್ತೇವೆ’ ಅನ್ನಿ. ಬುಕ್ ಮಾಡಿದ ಆ್ಯಪಿನ ಚಾಟಿನಲ್ಲೇ ಕಳಿಸಿದರೆ ಇನ್ನೂ ಒಳ್ಳೆಯದು. ವಾಟ್ಸಾಪಿನಲ್ಲಿ ಕೇಳುತ್ತಿರುವವನು ನಿಜವಾದ ಮಾಲೀಕನೇ ಅಂತಲೂ ಆಗ ಖಾತ್ರಿ ಆಗುತ್ತದೆ. ಅರ್ಧಕ್ಕರ್ಧ ಜನ ಒಪ್ಪುತ್ತಾರೆ. ಫೋಟೊನೇ ಬೇಕು ಅಂದರೆ ಮೊದಲ ಪುಟ ಮಾತ್ರ ಕಳಿಸಿ. ನಮ್ಮ ಕೈಯಲ್ಲಿರುವ ಪಾಸ್‌ಪೋರ್ಟುಗಳ ಕೊನೆಯ ಪುಟದಲ್ಲಿ ತಂದೆ, ತಾಯಿ, ಗಂಡ ಹೆಂಡತಿಯ ಹೆಸರು, ಮನೆ ವಿಳಾಸ ಇರುತ್ತದಲ್ಲ, ಅದು ಫ್ಲಾರೆನ್ಸಿನ ಮನೆಮಾಲೀಕನಿಗೆ ಯಾಕೆ? ಮೊದಲ ಪುಟದಲ್ಲೂ ಸಹಿಯನ್ನು ಮುಚ್ಚಿ. ಅಡ್ಡಲಾಗಿ, ಮುಖದ ಮೇಲೂ ಹಾಯುವ ಹಾಗೆ, ‘ಇಂಥ ಮನೆಯಲ್ಲಿ ಇಂಥ ತಾರೀಖಿನ ವಾಸಕ್ಕೆ ಮಾತ್ರ’ ಅಂತ ಬರೆಯಿರಿ. ಇದು ನನ್ನ ತಲೆಯಿಂದ ಬಂದ ಉಪಾಯವಲ್ಲ. ನೆದರ್ಲೆಂಡ್ಸ್ ಸರ್ಕಾರ ತನ್ನ ಜನರಿಗೆ ಇದಕ್ಕೆಂದೇ ಕೊಪಿಐಡಿ ಎಂಬ ಆ್ಯಪ್ ಕೊಟ್ಟಿದೆ.

ಮುಚ್ಚುವ ವಿಷಯದಲ್ಲಿ ನನ್ನ ಮಾನ ಹೋದ ಕಥೆ ಒಂದಿದೆ. ಒಂದು ಟೂರಿನವರು ಹೆಸರಿನ ದಾಖಲೆ ಕೇಳಿದ್ದರು, ಅಷ್ಟೆ. ನಾನು ಜಾಣನ ಹಾಗೆ ಪಾಸ್‌ಪೋರ್ಟ್ ನಂಬರಿಗೂ ಹುಟ್ಟಿದ ತಾರೀಖಿಗೂ ಕಪ್ಪು ಬಳಿದು ಕಳಿಸಿ, ಅದನ್ನು ಮಾವನ ಮಗನಿಗೆ ಹೆಮ್ಮೆಯಿಂದ ತೋರಿಸಿದೆ. ಅವನು ಎರಡು ಸೆಕೆಂಡಿನಲ್ಲಿ ನನ್ನ ನಂಬರನ್ನೂ ಹುಟ್ಟುಹಬ್ಬವನ್ನೂ ಗಟ್ಟಿಯಾಗಿ ಓದಿದ! ಪುಟದ ತಳದಲ್ಲಿ ಬಾಣದ ಗುರುತು ತುಂಬಿದ ಎರಡು ಸಾಲು ಇರುತ್ತವಲ್ಲ, ಒಂದೊಂದರಲ್ಲಿ 44 ಅಕ್ಷರ, ಯಂತ್ರ ಓದಲಿ ಅಂತ ಇರುವುದು. ಎರಡನೇ ಸಾಲು ಶುರುವಾಗುವುದೇ ಪಾಸ್‌ಪೋರ್ಟ್ ನಂಬರಿನಿಂದ. ಆಮೇಲೆ ದೇಶ, ಹುಟ್ಟಿದ ವರ್ಷ ತಿಂಗಳು ದಿನ, ಲಿಂಗ, ಪಾಸ್‌ಪೋರ್ಟ್ ಮುಗಿಯುವ ತಾರೀಖು. ಮೇಲೆ ಬಾಗಿಲು ಹಾಕಿ ಕೆಳಗೆ ಕಿಟಕಿ ತೆರೆದಿಟ್ಟಿದ್ದೆ. ಇನ್ನೊಂದು: ಫೋನಿನ ಹೈಲೈಟರ್ ಪೆನ್ನಿನಲ್ಲಿ ಕಪ್ಪು ಬಳಿಯಬೇಡಿ. ಬ್ರೈಟ್‌ನೆಸ್ ಏರಿಸಿದರೆ ಅಡಿಯ ಅಕ್ಷರ ಎದ್ದು ಬರುತ್ತದೆ. ಗಟ್ಟಿ ಬಣ್ಣದ ಚೌಕ ಇಡಿ, ಅದರ ಸ್ಕ್ರೀನ್‌ಶಾಟ್ ತೆಗೆದು ಅದನ್ನು ಕಳಿಸಿ.

ಅಸಲನ್ನು ಬಿಟ್ಟು ಬರುವ ಪ್ರಸಂಗ ಇಟಲಿಯಲ್ಲಿ ಕಡಿಮೆ. ಥಾಯ್ಲೆಂಡಿನ ದ್ವೀಪಗಳಲ್ಲಿ, ಬಾಲಿಯಲ್ಲಿ ಸ್ಕೂಟರ್ ಬಾಡಿಗೆಗೆ ಕೊಡುವವರು ಪಾಸ್‌ಪೋರ್ಟನ್ನೇ ಒತ್ತೆ ಕೇಳುತ್ತಾರೆ. ವಾಪಸ್ ಕೊಡುವಾಗ ಇಲ್ಲದ ಗೀರು ಕಾಣಿಸುತ್ತದೆ, ಆಗ ಜುಟ್ಟು ಅವರ ಕೈಯಲ್ಲಿ. ದುಡ್ಡು ಒತ್ತೆ ಇಡಿ, ಇಲ್ಲವೇ ಬೇರೆ ಅಂಗಡಿ ನೋಡಿ.

ಸರ್ಕಾರದ ಹತ್ತಿರ ಗುಟ್ಟು ಉಳಿಸಿಕೊಳ್ಳುವ ಆಸೆ ಬಿಟ್ಟುಬಿಡಿ. ವೀಸಾಗೆ ಅಂತ ಬೆರಳಚ್ಚು ಕೊಟ್ಟಾಗಿದೆ. 2025ರ ಅಕ್ಟೋಬರ್ 12ರಿಂದ ಶುರುವಾದ, ಯುರೋಪಿಗೆ ಬಂದು ಹೋಗುವ ವಿದೇಶಿಯರ ಲೆಕ್ಕ ಇಡುವ ಇಇಎಸ್ ವ್ಯವಸ್ಥೆಯಲ್ಲಿ ಗಡಿಯಲ್ಲಿ ಮುಖದ ಫೋಟೊನೂ ತೆಗೆಯುತ್ತಾರೆ. ಅಲ್ಲಿ ವಾದ ಮಾಡಿ ಪ್ರಯೋಜನವಿಲ್ಲ, ಕ್ಯಾಮೆರಾ ನೋಡಿ ನಿಂತುಕೊಳ್ಳಿ.

ನಮ್ಮ ಗುಟ್ಟನ್ನು ಜಾಸ್ತಿ ಬಿಟ್ಟುಕೊಡುವವರು ನಾವೇ. ಆಸ್ಟ್ರೇಲಿಯಾದ ಮಾಜಿ ಪ್ರಧಾನಿ ಟೋನಿ ಆ್ಯಬಟ್ 2020ರಲ್ಲಿ ತಮ್ಮ ಬೋರ್ಡಿಂಗ್ ಪಾಸಿನ ಫೋಟೊ ಇನ್‌ಸ್ಟಾಗ್ರಾಮಿಗೆ ಹಾಕಿದ್ದರು. ಅದರಲ್ಲಿದ್ದ ಬುಕಿಂಗ್ ನಂಬರ್ ಹಿಡಿದು ಒಬ್ಬ ಹುಡುಗ ಅವರ ಪಾಸ್‌ಪೋರ್ಟ್ ನಂಬರ್, ಫೋನ್ ನಂಬರ್ ಎರಡನ್ನೂ ಕಂಡುಹಿಡಿದ. ಪುಣ್ಯಕ್ಕೆ ಅವನು ಒಳ್ಳೆಯವನು, ಅವರಿಗೇ ತಿಳಿಸಿದ. ಕಾಫಿ ಲೋಟದ ಪಕ್ಕ ಬೋರ್ಡಿಂಗ್ ಪಾಸ್ ಇಟ್ಟು ಸ್ಟೇಟಸ್ ಹಾಕುವ ಚಪಲ ಮನೆಯಲ್ಲಿ ಯಾರಿಗಿದೆ ಅಂತ ನಿಮಗೇ ಗೊತ್ತಿರುತ್ತದೆ.

ಫೋನಿನ ಒಂದು ಕೆಲಸ ಹೊರಡುವ ಮುಂಚೆ ಮಾಡಿ. ನಮ್ಮ ಬ್ಯಾಂಕಿನ ಒಟಿಪಿ ಬರುವುದು ಊರಿನ ಸಿಮ್ಮಿಗೆ. ಫೋನ್ ಕದ್ದವನು ಅದರ ಲಾಕ್ ಬಿಚ್ಚುವ ಗೋಜಿಗೆ ಹೋಗುವುದಿಲ್ಲ. ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಒಟಿಪಿ ಅಲ್ಲಿ ಬರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸಿಮ್ ಲಾಕ್ ಇಟ್ಟರೆ ಪಿನ್ ಇಲ್ಲದೆ ಆ ಸಿಮ್ ಏಳುವುದಿಲ್ಲ. ಕಂಪನಿ ಕೊಟ್ಟ ಮೊದಲ ಪಿನ್ ಯಾವುದು ಅಂತ ಕೇಳಿಕೊಂಡೇ ಮಾಡಿ. ಮೂರು ಸಲ ತಪ್ಪಾದರೆ ಪಿಯುಕೆ ಎಂಬ, ಕಂಪನಿಯಿಂದ ಪಡೆಯಬೇಕಾದ ಇನ್ನೊಂದು ಕೋಡ್ ಕೇಳಿ ಕೂರುತ್ತದೆ. ಮೆಸೇಜು ಲಾಕ್ ಸ್ಕ್ರೀನಿನ ಮೇಲೇ ಕಾಣುವುದನ್ನೂ ನಿಲ್ಲಿಸಿ.

ಇಷ್ಟೆಲ್ಲ ಮಾಡಿಯೂ ಪಾಸ್‌ಪೋರ್ಟ್ ಹೋಯಿತು ಅಂದುಕೊಳ್ಳಿ. ಅಲ್ಲಿನ ಪೊಲೀಸ್ ಠಾಣೆಯಲ್ಲಿ ದೂರು ಬರೆಸಿ, ಅದನ್ನು ಹಿಡಿದು ರೋಮಿನ ನಮ್ಮ ರಾಯಭಾರ ಕಚೇರಿಗೋ ಮಿಲಾನಿನ ಕಾನ್ಸುಲೇಟಿಗೋ ಹೋಗಬೇಕು. ಊರಿಗೆ ವಾಪಸ್ ಬರುವುದಕ್ಕಷ್ಟೇ ಆಗುವ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತಾರೆ. ಆಗ ಮೊದಲ ಪುಟ, ವೀಸಾ ಪುಟದ ಜೊತೆ, ಮಾಲೀಕನಿಗೆ ಕೊಡಬೇಡಿ ಅಂದೆನಲ್ಲ, ಆ ಕೊನೆಯ ಪುಟದ ಜೆರಾಕ್ಸೂ ಕೆಲಸಕ್ಕೆ ಬರುತ್ತದೆ. ಎರಡು ಸೆಟ್ ಮಾಡಿಸಿ, ನಾಲ್ಕು ಫೋಟೊ ಸೇರಿಸಿ ಸೂಟ್‌ಕೇಸಿನ ತಳದಲ್ಲಿಡಿ.

ನೀವು ಕೇಳದೇ ಇದ್ದದ್ದು ಒಂದಿದೆ. ಅಪ್ಪ ಅಮ್ಮನ ಜೇಬಿನಲ್ಲಿ ಒಂದು ಚೀಟಿ ಇರಲಿ. ಅದರಲ್ಲಿ ಹೆಸರು ಬೇಡ, ಪಾಸ್‌ಪೋರ್ಟ್ ನಂಬರ್ ಬೇಡ. ನಿಮ್ಮ ಫೋನ್ ನಂಬರ್ ದೇಶದ ಕೋಡ್ ಸಮೇತ, ಹತ್ತಿರದ ರೈಲ್ವೆ ಸ್ಟೇಷನ್ನಿನ ಹೆಸರು, ಅಷ್ಟೇ. ಮಿಲಾನ್ ಸೆಂಟ್ರಲ್ ಸ್ಟೇಷನ್ನಿನಲ್ಲಿ ನಮ್ಮಪ್ಪ ನೀರು ತರುತ್ತೇನೆ ಅಂತ ಹೋದವರು ಇಪ್ಪತ್ತು ನಿಮಿಷ ಬರಲಿಲ್ಲ. ನನ್ನ ಫೋನ್ ರಿಂಗಾಯಿತು. ಆ ಕಡೆ ಯಾವುದೋ ಅಂಗಡಿಯ ಹುಡುಗ ಮುರುಕು ಇಂಗ್ಲಿಷಿನಲ್ಲಿ ಮಾತಾಡಿದ. ಹಿಂದಿನಿಂದ ಅಪ್ಪನ ದನಿ ಕೇಳಿಸುತ್ತಿತ್ತು, ಅವನಿಗೆ ಕನ್ನಡದಲ್ಲೇ ದಾರಿ ಹೇಳಿಕೊಡುತ್ತಿದ್ದರು.