ಸಂಪಾದಕರ ಉತ್ತರ: ಕಣ್ಣಿಗೆ ಕಾಣದ ಕಾಡಿಗೆ

ಡೊಂಬಿವಲಿಯ ಓದುಗರೊಬ್ಬರು ಬರೆದ ಪತ್ರದ ಮುಖ್ಯ ಭಾಗ ಇದು. ಅವರು ಕೇಳಿಕೊಂಡಂತೆ ಹೆಸರು ಹಾಕಿಲ್ಲ.

"ಸಂಪಾದಕರೇ, ನನ್ನ ಕತೆ ವಾಪಸ್ ಬಂತು. ಅದಕ್ಕೆ ಬೇಸರವಿಲ್ಲ. ಆದರೆ ಹನ್ನೊಂದು ಪುಟದ ಅಂಚಿನ ತುಂಬ ಕೆಂಪು ಶಾಯಿ, ಜೊತೆಗೆ ಎರಡು ಪುಟದ ಟಿಪ್ಪಣಿ. ನಾನು ಮನೆಯಲ್ಲಿ ಬ್ಲೌಸ್ ಹೊಲಿಯುವ ಹೆಂಗಸು. ರಾತ್ರಿ ಮಿಶನ್ ಮುಚ್ಚಿದ ಮೇಲೆ ಬರೆಯುತ್ತೇನೆ. ಈ ಕತೆಯನ್ನು ನಮ್ಮ ಮಹಿಳಾ ಮಂಡಲದಲ್ಲಿ ಓದಿದಾಗ ಎಲ್ಲರೂ ಕಣ್ಣು ಒರೆಸಿಕೊಂಡರು. ನಿಮಗೆ ಮಾತ್ರ ತಪ್ಪೇ ಕಂಡಿತು. ಕತೆಗೆ ರೈಲ್ವೆ ಟೈಮ್‌ಟೇಬಲ್ ಯಾಕೆ? ಮುಂಬಯಿಯಲ್ಲಿ ಕನ್ನಡ ಬರೆಯುವವರೇ ಕಡಿಮೆ. ಇರುವವರನ್ನೂ ಹೀಗೆ ಹೆದರಿಸಿದರೆ ಯಾರು ಉಳಿಯುತ್ತಾರೆ? ಕುಮಾರವ್ಯಾಸ ಇಟ್ಟ ಪದವನ್ನು ಅಳಿಸಲೇ ಇಲ್ಲವಂತೆ. ನಾನು ಯಾಕೆ ಅಳಿಸಬೇಕು?"

ನಮಸ್ಕಾರ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಕಸಿವಿಸಿಯಾಯಿತು. ಎರಡನೇ ಸಲ ನಿಮ್ಮ ಕತೆಯ ನಕಲು ಪ್ರತಿಯನ್ನೂ ನನ್ನ ಟಿಪ್ಪಣಿಯನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದೆ. ಆಗ ನನ್ನ ಕಡೆಯ ತಪ್ಪೊಂದು ಕಂಡಿತು. ಎಲ್ಲಿ ಎಡವಿದ್ದೀರಿ ಎಂದು ಇಪ್ಪತ್ತು ಕಡೆ ಗುರುತು ಹಾಕಿದ್ದೇನೆ. ಎಲ್ಲಿ ಚೆನ್ನಾಗಿ ನಡೆದಿದ್ದೀರಿ ಎಂದು ಒಂದೇ ಕಡೆ, ಅದೂ ಪೆನ್ಸಿಲಿನಲ್ಲಿ, ಒಂದು ಗೀಟು ಎಳೆದಿದ್ದೇನೆ. ಅಷ್ಟು ಕೆಂಪಿನ ನಡುವೆ ಆ ಗೀಟು ಯಾರ ಕಣ್ಣಿಗೂ ಬೀಳುವುದಿಲ್ಲ. ಅದಕ್ಕೆ ನಿಮ್ಮ ಕ್ಷಮೆ ಕೇಳುತ್ತೇನೆ. ಉಳಿದ ಮಾತುಗಳನ್ನು ಮಾತ್ರ ವಾಪಸ್ ತೆಗೆದುಕೊಳ್ಳುವುದಿಲ್ಲ. ಯಾಕೆ ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾದೀತು.

ಕತೆಯನ್ನು ನೋಡಿರದ ಓದುಗರಿಗಾಗಿ ಎರಡು ಮಾತು. ಕುಂದಾಪುರ ಕಡೆಯ ಹುಡುಗನೊಬ್ಬ ಹನ್ನೆರಡನೇ ವಯಸ್ಸಿಗೆ ಮುಂಬಯಿಗೆ ಬರುತ್ತಾನೆ. ಉಡುಪಿ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆಯುತ್ತಾನೆ, ಅಲ್ಲೇ ಅಟ್ಟದ ಮೇಲೆ ಮಲಗುತ್ತಾನೆ. ಹದಿನೈದು ವರ್ಷ ಊರಿಗೆ ಹೋಗುವುದೇ ಇಲ್ಲ. 1985ರ ಮಳೆಗಾಲದಲ್ಲಿ ತಾಯಿ ತೀರಿಕೊಂಡಳು ಅಂತ ತಂತಿ ಬರುತ್ತದೆ. ಕುರ್ಲಾದಲ್ಲಿ ಮತ್ಸ್ಯಗಂಧ ರೈಲು ಹತ್ತುತ್ತಾನೆ, ಮಾರನೇ ಬೆಳಿಗ್ಗೆ ಊರು ಮುಟ್ಟುತ್ತಾನೆ, ತಾಯಿಯ ಮುಖ ನೋಡಿ ಅಳುತ್ತಾನೆ.

ನಿಮಗೆ ಜಾಸ್ತಿ ನೋವು ತಂದದ್ದು ಈ ರೈಲಿನ ಟಿಪ್ಪಣಿ. ಹಾಗಾಗಿ ಅದನ್ನೇ ಮೊದಲು ಮಾತಾಡೋಣ. ರೋಹಾದಿಂದ ಮಂಗಳೂರಿನ ತನಕ ಸುಮಾರು 740 ಕಿಲೋಮೀಟರ್ ಉದ್ದದ ಕೊಂಕಣ ರೈಲು ಮಾರ್ಗ ಪೂರ್ತಿಯಾಗಿ ತೆರೆದದ್ದು 1998ರ ಜನವರಿಯಲ್ಲಿ. ಮತ್ಸ್ಯಗಂಧ ಓಡಿದ್ದು ಅದಾದ ಮೇಲೆ. 1985ರಲ್ಲಿ ನಿಮ್ಮ ಹುಡುಗನಿಗೆ ಆ ರೈಲು ಇಲ್ಲ. ಅವನು ಬಸ್ಸಿನಲ್ಲೇ ಹೋಗಬೇಕು. ಪುಣೆ, ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿ ದಾಟಬೇಕು. ಯಲ್ಲಾಪುರದ ಕಾಡು ಹಾದು ಅರಬೈಲು ಘಟ್ಟ ಇಳಿಯಬೇಕು. ಆಮೇಲೆ ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ. ಒಂದು ಇಡೀ ರಾತ್ರಿ, ಮತ್ತೆ ಒಂದು ಹಗಲು. ಮಳೆಗಾಲ ಬೇರೆ. ಅಷ್ಟು ಹೊತ್ತು ಊರವರು ಹೆಣ ಇಟ್ಟುಕೊಂಡು ಕಾಯುತ್ತಾರಾ? ಅವನು ಬಸ್ಸು ಹತ್ತುವಾಗಲೇ ಅಲ್ಲಿ ಎಲ್ಲ ಮುಗಿದಿರುತ್ತದೆ. ಅದು ಅವನಿಗೂ ಗೊತ್ತು. ಗೊತ್ತಿದ್ದೂ ಟಿಕೆಟ್ ತೆಗೆಸುತ್ತಾನೆ.

ಕತೆ ಇರುವುದು ಅಲ್ಲೇ ಅಲ್ವಾ? ಮುಖ ನೋಡಲು ಸಿಗುವುದಿಲ್ಲ ಅಂತ ತಿಳಿದೂ ಒಬ್ಬ ಮಗ ಅಷ್ಟು ದೂರ ಕೂತು ಹೋಗುತ್ತಾನೆ. ಪಕ್ಕದ ಸೀಟಿನವನು "ಊರಿಗಾ?" ಅಂತ ಕೇಳಿದರೆ ಏನು ಹೇಳುತ್ತಾನೆ? ನಡುರಾತ್ರಿ ಕೊಲ್ಹಾಪುರದಲ್ಲಿ ಬಸ್ಸು ಊಟಕ್ಕೆ ನಿಂತಾಗ ಇಳಿಯುತ್ತಾನಾ? ಇಳಿದರೆ, ಅಲ್ಲಿ ಟೇಬಲ್ ಒರೆಸುತ್ತಿರುವ ಹುಡುಗನನ್ನು ನೋಡುತ್ತಾನಾ? ರೈಲು ಅವನನ್ನು ಬೇಗ ಮುಟ್ಟಿಸಿಬಿಟ್ಟಿತು. ನಿಮ್ಮನ್ನೂ ಬೇಗ ಮುಟ್ಟಿಸಿಬಿಟ್ಟಿತು. ಈ ದಾರಿಯನ್ನು ನೀವು ಬರೆಯದೇ ಹೋದದ್ದು ಆ ರೈಲಿನಿಂದ. ನನ್ನ ಟಿಪ್ಪಣಿಯಲ್ಲಿ "ಇಸವಿ ನೋಡಿ, ಆಗ ಈ ರೈಲು ಇರಲಿಲ್ಲ" ಎಂದಷ್ಟೇ ಇತ್ತು. ನಾನು ಕೇಳಿದ್ದು ಟೈಮ್‌ಟೇಬಲ್ ಅಲ್ಲ, ಆ ರಾತ್ರಿ ಮತ್ತು ಆ ಹಗಲು.

ಇನ್ನೊಂದು ಮಾತು ನಿಮ್ಮ ಹುಡುಗ ಆಡುವ ಭಾಷೆಯದು. ತಂತಿ ಓದಿ ಅವನು ಅಡುಗೆ ಭಟ್ಟರ ಹತ್ತಿರ "ನನ್ನ ಹೃದಯವು ದುಃಖದಿಂದ ಭಾರವಾಗಿದೆ" ಅನ್ನುತ್ತಾನೆ. ಕುಂದಾಪುರದವನು, ಅದೂ ಮೋರಿಯ ಮುಂದೆ ಬೆಳೆದವನು ಹಾಗೆ ಮಾತಾಡುವುದಿಲ್ಲ. "ಭಟ್ರೇ, ಊರಿಗ್ ಹೋಯ್ಕ್" ಅಂದಾನು. ಅಷ್ಟೇ ಅಂದು ಸುಮ್ಮನಾದಾನು. ಹೋಟೆಲಿನ ಧಣಿ ಸುಮ್ನೆ ಕೆಟ್ಟವನಾಗಿರುವುದು, ಕೊನೆಯ ಅರ್ಧ ಪುಟದಲ್ಲಿ ತಾಯಿಯ ಮಹತ್ವದ ಬಗ್ಗೆ ಭಾಷಣ ಬಂದಿರುವುದು, ಇವುಗಳ ಬಗ್ಗೆ ಅಂಚಿನಲ್ಲಿ ಬರೆದದ್ದೇ ಸಾಕು.

ಈಗ ಮಹಿಳಾ ಮಂಡಲದ ಕಣ್ಣೀರಿನ ವಿಷಯ. ಅದು ಸುಳ್ಳು ಅಂತ ನಾನು ಖಂಡಿತ ಹೇಳುವುದಿಲ್ಲ. ನಿಮ್ಮನ್ನು ಪ್ರೀತಿಸುವವರು ನಿಮ್ಮ ದನಿಯಲ್ಲಿ, ನಿಮ್ಮ ಮುಖ ನೋಡುತ್ತಾ ಆ ಕತೆ ಕೇಳಿದರು. ಅವರಲ್ಲೂ ಎಷ್ಟೋ ಜನ ಊರಿನ ಸಾವಿಗೆ ಹೊತ್ತಿಗೆ ಸರಿಯಾಗಿ ಮುಟ್ಟದವರು. ಅವರು ಅತ್ತದ್ದು ತಮ್ಮ ತಾಯಂದಿರಿಗಾಗಿ. ನಿಮ್ಮ ಕತೆ ಆ ಬಾಗಿಲು ತೆರೆಯಿತು, ಅದು ಸಣ್ಣ ಮಾತಲ್ಲ. ಆದರೆ ಅಚ್ಚಾದ ಮೇಲೆ ಕತೆಯ ಜೊತೆ ನಿಮ್ಮ ದನಿ ಹೋಗುವುದಿಲ್ಲ. ವಿರಾರ್ ಗಾಡಿಯಲ್ಲಿ ನಿಂತುಕೊಂಡು ಓದುವವನಿಗೆ ನೀವು ಯಾರು ಅಂತ ಗೊತ್ತಿರುವುದಿಲ್ಲ. ಅವನ ಕೈಯಲ್ಲಿ ಇರುವುದು ಬರೀ ಕಾಗದ.

ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಪುಸ್ತಕ ಕವಿರಾಜಮಾರ್ಗ. ಒಂಬತ್ತನೇ ಶತಮಾನದ್ದು, ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು. ಅದರಲ್ಲಿ ಮೂರು ಪರಿಚ್ಛೇದಗಳಿವೆ. ಮೊದಲನೆಯದೇ ಬರವಣಿಗೆಯ ದೋಷಗಳ ಬಗ್ಗೆ. ನಮ್ಮ ಭಾಷೆಯ ಮೊದಲ ಪುಸ್ತಕ ದೋಷದ ಮಾತಿನಿಂದ ಶುರುವಾಗುತ್ತದೆ ಅನ್ನುವುದು ನನಗೆ ಬಹಳ ಇಷ್ಟವಾದ ಸಂಗತಿ. ಅಲ್ಲಿ ಒಂದು ಮಾತು ಬರುತ್ತದೆ: ಏನು ಮಾಡಿದರೂ ಮನುಷ್ಯನಿಗೆ ತನ್ನ ದೋಷ ಕಾಣುವುದಿಲ್ಲ, ಕಣ್ಣಿಗೆ ತನ್ನದೇ ಕಾಡಿಗೆ ಕಾಣದ ಹಾಗೆ. ಎಂಥ ಹೋಲಿಕೆ ನೋಡಿ. ಕಾಡಿಗೆ ಕೊಳೆಯಲ್ಲ, ಕಣ್ಣಿಗೆ ಚೆಂದ ಕಾಣಲಿ ಅಂತಲೇ ಹಚ್ಚಿದ್ದು. ಆದರೆ ಅದು ಕದಡಿ ಕೆನ್ನೆಗೆ ಇಳಿದಿದ್ದರೆ ಹೇಳಲು ಎದುರಿಗೆ ಒಬ್ಬರು ಬೇಕು. ಮದುವೆ ಮನೆಯಲ್ಲಿ ಅಂಥದ್ದನ್ನು ನೋಡಿಯೂ "ಚೆನ್ನಾಗಿದ್ದೀಯ" ಅನ್ನುವವಳು ಗೆಳತಿಯಾ, ಪಕ್ಕಕ್ಕೆ ಕರೆದು ಸೆರಗಿನಿಂದ ಒರೆಸುವವಳಾ?

ಪಕ್ಕಕ್ಕೆ ಕರೆಯುವುದು ಮುಖ್ಯ. ನನ್ನದೇ ಅನುಭವ ಹೇಳುತ್ತೇನೆ. ಮೂವತ್ತು ವರ್ಷದ ಹಿಂದೆ ಒಂದು ಸಭೆಯಲ್ಲಿ ನಾನು ಕತೆ ಓದಿದ್ದೆ. ಹೆಸರಾದ ವಿಮರ್ಶಕರೊಬ್ಬರು ಎದ್ದು ನಿಂತು ನನ್ನ ಎರಡು ವಾಕ್ಯವನ್ನು ದನಿ ಬದಲಿಸಿ ಓದಿ ತೋರಿಸಿದರು. ಸಭೆ ನಕ್ಕಿತು. ಆ ವಾಕ್ಯಗಳು ನಿಜಕ್ಕೂ ಕೆಟ್ಟದಾಗಿದ್ದವು. ಆದರೂ ಒಂದು ವರ್ಷ ನಾನು ಏನೂ ಬರೆಯಲಿಲ್ಲ. ಅವರಿಗೆ ಬೇಕಾಗಿದ್ದದ್ದು ನನ್ನ ಕತೆಯಲ್ಲ, ಸಭೆಯ ನಗು. ಅದನ್ನು ನಾನು ವಿಮರ್ಶೆ ಅನ್ನುವುದಿಲ್ಲ.

ಅದೇ ಕತೆಯನ್ನು ಆಮೇಲೆ ಹಿರಿಯ ಗೆಳೆಯರೊಬ್ಬರು ಕೇಳಿ ತೆಗೆದುಕೊಂಡರು. ಬ್ಯಾಂಕಿನಲ್ಲಿ ಗುಮಾಸ್ತರು. ಒಂದು ಪುಸ್ತಕವನ್ನೂ ಬರೆದವರಲ್ಲ. ಮಾತಾಡಲು ದಾದರ್ ಸ್ಟೇಷನ್ನಿನ ಬೆಂಚಿಗೆ ಕರೆದರು. "ನಿನ್ನ ಕತೆಯಲ್ಲಿ ಮೂರು ದಿನ ಕಳೆಯುತ್ತೆ. ಯಾರಿಗೂ ಹಸಿವೇ ಆಗೋದಿಲ್ಲವಲ್ಲ, ಯಾಕೆ? ಒಬ್ಬನಾದರೂ ಒಂದು ಚಹಾ ಕುಡಿಯಲಿಲ್ಲ" ಅಂದರು. ನನಗೆ ಸಿಟ್ಟು ಬಂತು. ಎಷ್ಟು ದೊಡ್ಡ ವಿಷಯ ಬರೆದಿದ್ದೇನೆ, ಇವರು ಚಹಾ ಕೇಳುತ್ತಾರಲ್ಲ ಅಂತ. ಅವರ ಮುಂದೆಯೇ ಮೂರು ಗಾಡಿ ಬಿಟ್ಟು ವಾದ ಮಾಡಿದೆ. ಮನೆಗೆ ಬಂದು ಮತ್ತೆ ಓದಿದಾಗ, ನನ್ನ ಪಾತ್ರಗಳಿಗೆ ಹೊಟ್ಟೆಯೇ ಇರಲಿಲ್ಲ. ಬರೀ ಅಭಿಪ್ರಾಯ ಇದ್ದವು. ಆ ಕತೆ ನಾನು ತಿರುಗಿ ಬರೆಯಲಿಲ್ಲ, ಅದು ಉಳಿಯುವಂಥದ್ದಾಗಿರಲಿಲ್ಲ. ಆದರೆ ಇವತ್ತಿಗೂ ಯಾರ ಹಸ್ತಪ್ರತಿ ಕೈಗೆ ಬಂದರೂ ಮೊದಲು ನೋಡುವುದು, ಇವರಿಗೆ ಹಸಿವಾಗುತ್ತದಾ ಅಂತ.

ನಿಮ್ಮ ಪಾತ್ರಕ್ಕೆ ಹಸಿವಾಗುತ್ತದೆ. ಪೆನ್ಸಿಲ್ ಗೀಟು ಇರುವುದು ಅಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಕುಮಾರವ್ಯಾಸನ ಮಾತು ಎತ್ತಿದ್ದೀರಿ. ಹಲಗೆ ಬಳಪ ಹಿಡಿಯಲಿಲ್ಲ, ಇಟ್ಟ ಪದವನ್ನು ಅಳಿಸಲಿಲ್ಲ ಅಂತ ಅವನೇ ಹೇಳಿಕೊಂಡಿದ್ದಾನೆ. ನಾನು ಅದನ್ನು ನಂಬುತ್ತೇನೆ. ಆದರೆ ಅದನ್ನು ಅವನು ಏನಂತ ಕರೆದ? ಅಗ್ಗಳಿಕೆ ಅಂತ, ಅಂದರೆ ಹೆಚ್ಚುಗಾರಿಕೆ. ಎಲ್ಲರೂ ಮಾಡುವುದನ್ನು ಯಾರೂ ಅಗ್ಗಳಿಕೆ ಅನ್ನುವುದಿಲ್ಲ. ಅಂದರೆ ಉಳಿದವರೆಲ್ಲ ಹಲಗೆಯ ಮೇಲೆ ಬಳಪದಲ್ಲಿ ಬರೆದು, ಅಳಿಸಿ, ತಿದ್ದಿ, ಆಮೇಲೆ ಓಲೆಗೆ ಇಳಿಸುತ್ತಿದ್ದರು. ನಮಗೂ ನಿಮಗೂ ಆ ಹಲಗೆ ಬಳಪವೇ ದಾರಿ.

ಇನ್ನೊಂದು ಪತ್ರದ ನೆನಪಾಗುತ್ತಿದೆ. 1886ರಲ್ಲಿ ರಷ್ಯದ ಕತೆಗಾರ ಚೆಕಾವ್‌ಗೆ 26 ವರ್ಷ. ಡಾಕ್ಟರಿಕೆ ಮಾಡುತ್ತಾ, ಸುಳ್ಳು ಹೆಸರಿನಲ್ಲಿ ನಗೆಪತ್ರಿಕೆಗಳಿಗೆ ರಾಶಿ ರಾಶಿ ಬರೆಯುತ್ತಿದ್ದ. ಆ ವರ್ಷ ಮಾರ್ಚಿನಲ್ಲಿ ಗ್ರಿಗರೋವಿಚ್ ಎಂಬ ಹಿರಿಯ ಲೇಖಕರು ತಾವಾಗಿಯೇ ಅವನಿಗೆ ಪತ್ರ ಬರೆದರು. ನಿನ್ನಲ್ಲಿ ನಿಜವಾದ ಪ್ರತಿಭೆ ಇದೆ, ಈ ಅವಸರದ ಬರವಣಿಗೆ ಬಿಡು ಅಂತ. ಚೆಕಾವ್ ಕೊಟ್ಟ ಉತ್ತರ ನನ್ನ ಮನಸ್ಸಿನಿಂದ ಹೋಗುವುದೇ ಇಲ್ಲ. ಯಾವ ಕತೆಗೂ ಒಂದು ದಿನಕ್ಕಿಂತ ಜಾಸ್ತಿ ಹೊತ್ತು ಕೊಟ್ಟ ನೆನಪಿಲ್ಲ ಅಂತ ಅವನು ಒಪ್ಪಿಕೊಂಡ. ಮಾಸ್ಕೋದಲ್ಲಿ ನೂರಾರು ಪರಿಚಯದವರಿದ್ದಾರೆ, ಅವರಲ್ಲಿ ಲೇಖಕರೂ ಇದ್ದಾರೆ, ಆದರೆ ನನ್ನನ್ನು ಓದುವವರು ಒಬ್ಬರೂ ನೆನಪಿಗೆ ಬರುವುದಿಲ್ಲ ಅಂತಲೂ ಬರೆದ. ಸುತ್ತ ಅಷ್ಟು ಜನ, ಓದುವವರು ಮಾತ್ರ ಇಲ್ಲ. ಹೊಗಳಿಕೆ ಸಿಗುವುದಕ್ಕೂ ಓದುಗ ಸಿಗುವುದಕ್ಕೂ ಇರುವ ದೂರ ಅದು. ನಿಮ್ಮ ಕತೆಯ ಮೇಲೆ ನಾನು ಎರಡು ಸಂಜೆ ಕೂತಿದ್ದೆ. ಸುಮ್ನೆ "ಚೆನ್ನಾಗಿದೆ, ಸ್ಥಳಾವಕಾಶವಿಲ್ಲ" ಅಂತ ಬರೆದು ಕಳಿಸಲು ಎರಡು ನಿಮಿಷ ಸಾಕಿತ್ತು.

ಮುಂಬಯಿಯ ಮಾತಿಗೆ ಬರುತ್ತೇನೆ. ಇಲ್ಲಿ ಕನ್ನಡ ಬರೆಯುವವರು ಕಡಿಮೆ, ಆದ್ದರಿಂದ ರಿಯಾಯಿತಿ ಬೇಕು ಅನ್ನುವುದು ನಿಮ್ಮ ವಾದ. ಇದನ್ನು ನಾನು ಒಪ್ಪಲಾರೆ, ತಂಗಿ. ಈ ಊರಿನಲ್ಲಿ ಯಶವಂತ ಚಿತ್ತಾಲರು ಕಂಪನಿ ಕೆಲಸ ಮಾಡುತ್ತಾ, ಬಾಂದ್ರಾದಲ್ಲಿ ಕೂತು ತಮ್ಮ ಹುಟ್ಟೂರು ಹನೇಹಳ್ಳಿಯನ್ನೂ ಮುಂಬಯಿಯನ್ನೂ ಬರೆದರು. ಜಯಂತ ಕಾಯ್ಕಿಣಿಯವರು ಔಷಧ ಕಂಪನಿಯಲ್ಲಿ ದುಡಿಯುತ್ತಾ ಇಲ್ಲಿಯ ಜನರ ಕತೆ ಬರೆದರು. ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ ಆ ಮುಂಬಯಿ ಕತೆಗಳಿಗೆ 2018ರ ಡಿಎಸ್‌ಸಿ ದಕ್ಷಿಣ ಏಷ್ಯಾ ಸಾಹಿತ್ಯ ಪ್ರಶಸ್ತಿ ಬಂತು. ಇವರಿಗೆ ಯಾರೂ ಹೊರನಾಡ ಕನ್ನಡಿಗರು ಪಾಪ ಅಂತ ಅಂಕ ಕೊಡಲಿಲ್ಲ.

ಇನ್ನೂ ದೊಡ್ಡ ಕಾರಣ ಬೇರೆ ಇದೆ. ಹಗಲು ಹೋಟೆಲಿನಲ್ಲಿ ದುಡಿದು, ಫೋರ್ಟಿನ ಕನ್ನಡ ರಾತ್ರಿ ಶಾಲೆಗಳಲ್ಲಿ ಅಕ್ಷರ ಕಲಿತವರು ನಮ್ಮ ನಡುವೆ ಇದ್ದಾರೆ. ನಮ್ಮ ಪತ್ರಿಕೆಯ ಚಂದಾದಾರರಲ್ಲೂ ಇದ್ದಾರೆ. ನೀವು ಯಾರ ಕತೆ ಬರೆದಿದ್ದೀರೋ ಅವರೇ ಅದನ್ನು ಓದುತ್ತಾರೆ. ಅವರಲ್ಲಿ ಒಬ್ಬರಿಗೆ ಆ ಬಸ್ಸಿನ ಸೀಟು, ಘಟ್ಟದ ತಿರುವು, ಒದ್ದೆ ಚೀಲ ಎಲ್ಲ ನೆನಪಿದೆ. ಮತ್ಸ್ಯಗಂಧ ಅಂದ ಕೂಡಲೇ ಅವರು "ಇವರಿಗೆ ನಮ್ಮ ವಿಷಯ ಗೊತ್ತಿಲ್ಲ" ಅಂತ ಪುಟ ಮುಚ್ಚುತ್ತಾರೆ. ಅವರು ನಿಮಗೆ ಪತ್ರ ಬರೆದು ಹೇಳುವುದಿಲ್ಲ. ನನಗೂ ಹೇಳುವುದಿಲ್ಲ. ಅವರ ಪರವಾಗಿ ಮೊದಲೇ ಹೇಳುವುದು ನನ್ನ ಕೆಲಸ.

ಹಾಗಂತ ನಾನು ಹೇಳಿದ್ದನ್ನೆಲ್ಲ ಕೇಳಬೇಕಾಗಿಲ್ಲ. ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಬ್ಲೌಸ್ ಹಾಕಿಕೊಂಡವರು "ಕಂಕುಳಲ್ಲಿ ಹಿಡಿಯುತ್ತೆ" ಅಂದರೆ ನೀವು ವಾದ ಮಾಡುತ್ತೀರಾ? ಇಲ್ಲ. ಹಿಡಿಯುವುದು ನಿಜ, ಹಾಕಿಕೊಂಡವರು ಅವರು. ಆದರೆ "ತೋಳು ಬಿಚ್ಚಿ ದೊಡ್ಡದು ಮಾಡಿ" ಅಂತ ಅವರು ಹೇಳಿದರೆ ಹಾಗೇ ಬಿಚ್ಚುವುದಿಲ್ಲ. ತಪ್ಪು ಭುಜದಲ್ಲಿ ಇರಬಹುದು, ಎದೆಯ ಅಳತೆಯಲ್ಲಿ ಇರಬಹುದು. ಅದನ್ನು ಹುಡುಕುವುದು ಹೊಲಿದವರು. ನನ್ನ ಇಪ್ಪತ್ತು ಗುರುತುಗಳನ್ನೂ ಹಾಗೇ ನೋಡಿ. ಅಲ್ಲಲ್ಲಿ ನನಗೆ ಹಿಡಿಯಿತು, ಅಷ್ಟು ನಿಜ. ಧಣಿಯ ವಿಷಯದಲ್ಲಿ ನಾನು ಬರೆದ ಪರಿಹಾರ ನಿಮಗೆ ಸರಿ ಕಾಣದಿದ್ದರೆ ಬಿಟ್ಟುಬಿಡಿ. ಕತೆ ನಿಮ್ಮದು. ಸಾಧ್ಯವಾದರೆ ನಿಮ್ಮನ್ನು ಕಂಡರಿಯದ ಇನ್ನೊಬ್ಬರಿಗೆ ಓದಲು ಕೊಡಿ. ಅವರೂ ಅದೇ ಜಾಗದಲ್ಲಿ ನಿಂತರೆ, ಆ ಜಾಗದ ಹೊಲಿಗೆ ಬಿಚ್ಚಲೇಬೇಕು.

ಒಂದು ವಾರ ಹಸ್ತಪ್ರತಿಯನ್ನು ಮುಟ್ಟದೆ ಇಡಿ. ಸಿಟ್ಟು ಇಳಿಯಲಿ. ಆಮೇಲೆ ಹುಡುಗನನ್ನು ಬಸ್ಸಿನಲ್ಲಿ ಕೂರಿಸಿ. ದೀಪಾವಳಿ ಸಂಚಿಕೆಗೆ ಇನ್ನೂ ಸಮಯವಿದೆ. ಅದಕ್ಕೆ ಆಗದಿದ್ದರೂ ಪರವಾಗಿಲ್ಲ, ಮುಗಿದಾಗ ಕಳಿಸಿ. ಹಳೆಯ ಪ್ರತಿಯನ್ನೂ ಜೊತೆಗಿಡಿ, ಎರಡನ್ನೂ ನಾನೇ ಓದುತ್ತೇನೆ.

ಮತ್ತೆ ಆ ಪೆನ್ಸಿಲ್ ಗೀಟು. ನಾಲ್ಕನೇ ಪುಟದಲ್ಲಿ, ಕೆಳಗಿನಿಂದ ಆರನೇ ಸಾಲು. ತಂತಿ ಬಂದ ಮೇಲೆ ಹುಡುಗ ಏನೂ ಮಾತಾಡದೆ ಇಡ್ಲಿ ತಟ್ಟೆಗಳನ್ನು ಎಣಿಸುತ್ತಾನೆ. ನಲವತ್ತೊಂದು ಬರುತ್ತದೆ. ಮತ್ತೆ ಎಣಿಸುತ್ತಾನೆ. ನಲವತ್ತೊಂದೇ. ಅವನಿಗೆ ಹೊಟ್ಟೆ ಹಸಿದಿರುತ್ತದೆ, ಹಸಿದದ್ದಕ್ಕೆ ನಾಚಿಕೆಯಾಗುತ್ತದೆ. ಉಳಿದ ಹತ್ತು ಪುಟವನ್ನು ಹೇಗೆ ಬೇಕಾದರೂ ಬದಲಿಸಿ. ಆ ಸಾಲನ್ನು ಮಾತ್ರ ಮುಟ್ಟಬೇಡಿ.